ಮೈನರ್ ಇದ್ರೆ ಮೆಡಿಕಲ್ ಸೀಟು, ಕೆಲಸ ಸಿಗುತ್ತಾ?

ಅಮೆರಿಕದಲ್ಲಿ ಡಿಗ್ರಿ ಓದ್ತಿರೋ ನನ್ನ ಚಿಕ್ಕಮ್ಮನ ಮಗಳು ಮೊನ್ನೆ ರಾತ್ರಿ ಫೋನ್ ಮಾಡಿದ್ಲು. "ಅಣ್ಣಾ, ಬಯಾಲಜಿ ಮೇಜರ್ ಜೊತೆ ಕೆಮಿಸ್ಟ್ರಿ ಮೈನರ್ ಸೇರಿಸಿದ್ರೆ ಮೆಡಿಕಲ್ ಸೀಟು ಸುಲಭ ಆಗುತ್ತಾ?"

ನಮ್ಮಲ್ಲಿ ಪಿಯುಸಿ ಆದ್ಮೇಲೆ ನೀಟ್, ಆಮೇಲೆ ಎಂಬಿಬಿಎಸ್. ಅಲ್ಲಿ ಸಾಮಾನ್ಯವಾಗಿ ಮೊದಲು 4 ವರ್ಷದ ಡಿಗ್ರಿ, ಜೊತೆಗೆ ಎಂಕ್ಯಾಟ್ ಪರೀಕ್ಷೆ, ಆಮೇಲೆ ಮೆಡಿಕಲ್ ಸ್ಕೂಲ್. ಅವರು ಮುಖ್ಯವಾಗಿ ನೋಡೋದು ಕಡ್ಡಾಯ ವಿಜ್ಞಾನ ಕೋರ್ಸ್‌ಗಳು, ಜಿಪಿಎ, ಎಂಕ್ಯಾಟ್ ಅಂಕ, ಆಸ್ಪತ್ರೆ ಅನುಭವ. ಮೈನರ್ ಕಡ್ಡಾಯ ಅಲ್ಲ. ಆದ್ರೆ ಅದರ ಗ್ರೇಡೂ ಜಿಪಿಎಗೆ ಸೇರುತ್ತೆ. ಹೆಸರಿಗೆ ಅಂತ ತಗೊಂಡು 'ಸಿ' ತಂದ್ರೆ ನಷ್ಟವೇ.

ಹಾಗಂತ ಮೈನರ್ ದಂಡ ಅಲ್ಲ. 2015ರಿಂದ ಎಂಕ್ಯಾಟ್‌ನಲ್ಲಿ ಸೈಕಾಲಜಿ, ಸೋಷಿಯಾಲಜಿ ಪ್ರಶ್ನೆಗಳಿಗೇ ಒಂದು ಭಾಗ ಇದೆ. ಅದನ್ನ ಓದಿದವರಿಗೆ ಅಲ್ಲಿ ಅನುಕೂಲ. ಸ್ಪ್ಯಾನಿಷ್ ಕಲಿತವರು ಅದೇ ಭಾಷೆಯಲ್ಲಿ ರೋಗಿ ಕಷ್ಟ ಕೇಳಬಹುದು.

ಕೆಲಸದ ಕಥೆಯೂ ಇಷ್ಟೇ. ನಾನು ಬಿಕಾಂ. ರೆಸ್ಯೂಮ್‌ನಲ್ಲಿ 'ಕಂಪ್ಯೂಟರ್ ಅಪ್ಲಿಕೇಶನ್ಸ್' ಅಂತ ಬರ್ಕೊಂಡಿದ್ದೆ. ಇಂಟರ್‌ವ್ಯೂನಲ್ಲಿ ಲ್ಯಾಪ್‌ಟಾಪ್ ಕೊಟ್ಟು, "ಒಂದು ಪಿವೋಟ್ ಟೇಬಲ್ ಮಾಡಿ" ಅಂದ್ರು. ಕೈಯೇ ಓಡಲಿಲ್ಲ. ಆ ಕೆಲಸ ಸಿಗಲೂ ಇಲ್ಲ.

ತಂಗಿಗೆ ಹೇಳಿದೆ: "ಇನ್ನೆಷ್ಟು ಕೋರ್ಸ್ ಬೇಕು, ಲೆಕ್ಕ ಹಾಕು. ಒಂದೆರಡೇ ಬಾಕಿ, ಇಷ್ಟನೂ ಇದೆ ಅಂದ್ರೆ ತಗೋ. ಅದಕ್ಕಂತಲೇ ಇನ್ನೊಂದು ಸೆಮಿಸ್ಟರ್ ಫೀಸು ಕಟ್ಟಬೇಕು ಅಂದ್ರೆ ಬಿಡು. ಚಿಕ್ಕಪ್ಪ ಈಗಾಗಲೇ ಸಾಲ ತೀರಿಸ್ತಿದ್ದಾರೆ."

ಅವಳು ಈಗ ಕೋರ್ಸ್ ಪಟ್ಟಿ ಎಣಿಸ್ತಿದ್ದಾಳೆ. ನೀವೂ ಸೇರೋ ಮುಂಚೆ ಒಮ್ಮೆ ಎಣಿಸಿ.