ಭಯೋತ್ಪಾದನೆ: ಕಾನೂನು ಎಳೆಯುವ ಗೆರೆ



‘ಭಯೋತ್ಪಾದನೆ’ ಎಂಬ ಮಾತನ್ನು ನೀವು ಸುದ್ದಿಯಲ್ಲಿ ಮತ್ತೆ ಮತ್ತೆ ಕೇಳಿದ್ದೀರಿ. ಆದರೆ ನ್ಯಾಯಾಲಯದಲ್ಲಿ ಆ ಮಾತಿಗೆ ಏನರ್ಥ? ಕೊಲೆಗೂ ಭಯೋತ್ಪಾದನೆಗೂ ಇರುವ ವ್ಯತ್ಯಾಸವೇನು?

ಬಾಗಲಕೋಟೆ ಜಿಲ್ಲೆಯ ಕಮತಗಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಹೊಲದ ಬದುವಿನ ತಂಟೆಗೆ ಒಬ್ಬನು ಇನ್ನೊಬ್ಬನನ್ನು ಕೊಡಲಿಯಿಂದ ಕಡಿದು ಕೊಂದನೆಂದು ಭಾವಿಸಿ. ಊರಿಗೆ ಊರೇ ಬೆಚ್ಚಿಬೀಳುತ್ತದೆ. ಆದರೂ ಕಾನೂನಿನ ದೃಷ್ಟಿಯಲ್ಲಿ ಅದು ಕೊಲೆ. ಮತ್ತೊಬ್ಬನು, ಯಾರು ಸತ್ತರೂ ಸರಿ, ಜನ ನಡುಗಬೇಕು ಎಂದು ಬಸ್ ನಿಲ್ದಾಣದಲ್ಲಿ ಬಾಂಬ್ ಇಟ್ಟನೆನ್ನಿ. ಅದು ಭಯೋತ್ಪಾದನೆ. ಎರಡರಲ್ಲೂ ಜೀವ ಹೋಗುತ್ತದೆ. ಇವೆರಡನ್ನು ಬೇರ್ಪಡಿಸುವ ಮುಖ್ಯ ಗೆರೆ ಉದ್ದೇಶ.

ಕಾಯಿದೆಗಳು ಬಂದ ಬಗೆ

1860ರ ಭಾರತೀಯ ದಂಡ ಸಂಹಿತೆಯಲ್ಲಿ ಕೊಲೆ, ದರೋಡೆ, ದೇಶದ ವಿರುದ್ಧ ಯುದ್ಧ ಸಾರುವುದು ಮುಂತಾದ ಅಪರಾಧಗಳಿದ್ದವು. ಭಯೋತ್ಪಾದನೆಯ ವ್ಯಾಖ್ಯೆ ಇರಲಿಲ್ಲ. 1985ರಲ್ಲಿ ‘ಟಾಡಾ’ ಕಾಯಿದೆ ಬಂತು. 1987ರಲ್ಲಿ ಅದನ್ನು ಹೊಸದಾಗಿ ರೂಪಿಸಲಾಯಿತು. ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಟಾಡಾದಲ್ಲಿ ಪೊಲೀಸ್ ಸೂಪರಿಂಟೆಂಡೆಂಟ್ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ಹೇಳಿಕೆಯೂ ಸಾಕ್ಷ್ಯವಾಗಬಹುದಿತ್ತು. ಜಾಮೀನು ಸಿಗುವುದು ಬಹಳ ಕಷ್ಟವಾಗಿತ್ತು. ಈ ಕಾಯಿದೆ ಎಲ್ಲೆಂದರಲ್ಲಿ ಬಳಕೆಯಾಗುತ್ತಿದೆ ಎಂಬ ದೂರುಗಳೂ ಬಂದವು. ಭಯೋತ್ಪಾದಕ ಅಪರಾಧಿಯಾಗಿರಬಹುದು, ಆದರೆ ಪ್ರತಿಯೊಬ್ಬ ಅಪರಾಧಿಗೂ ಭಯೋತ್ಪಾದಕ ಎಂಬ ಹಣೆಪಟ್ಟಿ ಹಚ್ಚಲಾಗದು ಎಂದು 1994ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. 1995ರ ಮೇ ತಿಂಗಳಲ್ಲಿ ಟಾಡಾದ ಅವಧಿ ಮುಗಿಯಿತು. 2002ರಲ್ಲಿ ಬಂದ ‘ಪೋಟಾ’ 2004ರಲ್ಲಿ ರದ್ದಾಯಿತು.

ನಮ್ಮ ರಾಜ್ಯದ ಒಂದು ಮೊಕದ್ದಮೆ

ಈಗ ಕಮತಗಿಯಿಂದ ರಾಜ್ಯದ ದಕ್ಷಿಣ ತುದಿಗೆ, ಮಲೆ ಮಹದೇಶ್ವರ ಬೆಟ್ಟದ ಕಾಡಿಗೆ ಬನ್ನಿ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡ ಹುದುಗಿಸಿಟ್ಟಿದ್ದ ನೆಲಬಾಂಬುಗಳು ಸಿಡಿದವು. ಪೊಲೀಸರು, ಅರಣ್ಯ ಸಿಬ್ಬಂದಿ, ಮಾಹಿತಿದಾರರು ಸೇರಿ 22 ಮಂದಿ ಸತ್ತರು. ಮೊಕದ್ದಮೆ ಟಾಡಾ ಅಡಿಯಲ್ಲಿ ದಾಖಲಾಯಿತು. ಕಾಯಿದೆಯ ಅವಧಿ ಮುಗಿದರೂ ಅದರಡಿ ಆರಂಭವಾಗಿದ್ದ ಪ್ರಕರಣಗಳು ನಿಲ್ಲಲಿಲ್ಲ.

2000ದ ಜುಲೈ 30ರಂದು ಗಾಜನೂರಿನಿಂದ ವರನಟ ಡಾ. ರಾಜಕುಮಾರ್ ಅವರ ಅಪಹರಣವಾಯಿತು. ಅಪಹರಣಕಾರರ ಬೇಡಿಕೆಗೆ ಮಣಿದು, ಸೆರೆಯಲ್ಲಿದ್ದವರ ಮೇಲಿನ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಸರ್ಕಾರ ಮುಂದಾಯಿತು. ವೀರಪ್ಪನ್ ತಂಡದಿಂದ ಹತರಾಗಿದ್ದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅದೇ ನವೆಂಬರ್ 7ರಂದು ನ್ಯಾಯಾಲಯ ಆ ಕ್ರಮವನ್ನು ರದ್ದುಗೊಳಿಸಿತು. ಮಗನನ್ನು ಕಳೆದುಕೊಂಡ ತಂದೆಯ ಅರ್ಜಿ ಒಂದು ಸರ್ಕಾರದ ತೀರ್ಮಾನವನ್ನೇ ತಡೆದು ನಿಲ್ಲಿಸಿತು ಎಂಬುದನ್ನು ಗಮನಿಸಿ.

2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯದ ತೀರ್ಪು ಬಂತು. ಕೆಲವರಿಗೆ ಜೀವಾವಧಿ ಶಿಕ್ಷೆಯಾಯಿತು. ಆದರೆ ವರ್ಷಗಟ್ಟಲೆ ಸೆರೆಯಲ್ಲಿದ್ದ ಆರೋಪಿಗಳಲ್ಲಿ ಹೆಚ್ಚಿನವರು ಬಿಡುಗಡೆಯಾದರು. ಕಾಡಂಚಿನ ಹಳ್ಳಿಗಳ ಬಡವರು, ಹೆಂಗಸರು ಅವರಲ್ಲಿದ್ದರು. ತಪ್ಪು ಸಾಬೀತಾಗದವರು ಕಳೆದುಕೊಂಡ ಆ ವರ್ಷಗಳನ್ನು ಯಾವ ತೀರ್ಪೂ ಹಿಂದಿರುಗಿಸಲಾರದು.

2004ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ನಾಲ್ವರ ಜೀವಾವಧಿ ಶಿಕ್ಷೆಯನ್ನು ಮರಣದಂಡನೆಗೆ ಏರಿಸಿತು. ಅವರ ಕ್ಷಮಾದಾನ ಅರ್ಜಿಗಳು 2013ರವರೆಗೆ ತೀರ್ಮಾನವಾಗದೆ ಉಳಿದವು. ಈ ದೀರ್ಘ ವಿಳಂಬದ ಕಾರಣಕ್ಕೆ 2014ರ ಜನವರಿ 21ರಂದು ಅದೇ ನ್ಯಾಯಾಲಯ ಮರಣದಂಡನೆಯನ್ನು ಮತ್ತೆ ಜೀವಾವಧಿಗೆ ಇಳಿಸಿತು. ಭಯೋತ್ಪಾದನೆಯ ಅಪರಾಧಿ ಎಂಬ ಕಾರಣಕ್ಕೆ ಈ ವಿಷಯದಲ್ಲಿ ಭೇದ ಮಾಡಲಾಗದು ಎಂದೂ ಹೇಳಿತು.

ಇಂದಿನ ಕಾನೂನು

ಈಗ ಎರಡು ಕಾಯಿದೆಗಳಿವೆ. ಒಂದು, 1967ರ ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯಿದೆ, ಅಂದರೆ ಯು.ಎ.ಪಿ.ಎ. 2004ರ ತಿದ್ದುಪಡಿಯಿಂದ ಭಯೋತ್ಪಾದನೆ ಅದರೊಳಗೆ ಬಂತು. ಮುಂಬೈ ದಾಳಿಯ ನಂತರ 2008ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಇನ್ನೊಂದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 113ನೆಯ ಕಲಂ. ಭಯೋತ್ಪಾದನೆ ದೇಶದ ಸಾಮಾನ್ಯ ದಂಡ ಕಾನೂನಿನಲ್ಲಿ ಸೇರಿದ್ದು ಇದೇ ಮೊದಲು.

ಎರಡರ ವ್ಯಾಖ್ಯೆಯೂ ಬಹುಮಟ್ಟಿಗೆ ಒಂದೇ. ದೇಶದ ಏಕತೆ, ಸಮಗ್ರತೆ, ಸಾರ್ವಭೌಮತ್ವ, ಭದ್ರತೆ ಅಥವಾ ಆರ್ಥಿಕ ಭದ್ರತೆಗೆ ಬೆದರಿಕೆ ಒಡ್ಡುವ, ಇಲ್ಲವೇ ಜನರಲ್ಲಿ ಭೀತಿ ಹುಟ್ಟಿಸುವ ಉದ್ದೇಶ ಇರಬೇಕು, ಅಥವಾ ಕೃತ್ಯದಿಂದ ಹಾಗಾಗುವ ಸಂಭವ ಇರಬೇಕು. ಬಾಂಬ್, ಬಂದೂಕು, ವಿಷಾನಿಲದಂಥ ಸಾಧನಗಳಿಂದ ಸಾವುನೋವು ಉಂಟುಮಾಡುವುದು, ಸರ್ಕಾರವನ್ನು ಮಣಿಸಲು ಯಾರನ್ನಾದರೂ ಅಪಹರಿಸುವುದು ಮುಂತಾದ ಕೃತ್ಯಗಳು ಇದರಲ್ಲಿ ಸೇರುತ್ತವೆ. ಕೃತ್ಯದಿಂದ ಸಾವು ಸಂಭವಿಸಿದರೆ ಮರಣದಂಡನೆ ಅಥವಾ ಜೀವಾವಧಿ. ಇಲ್ಲವಾದರೆ ಕನಿಷ್ಠ 5 ವರ್ಷಗಳಿಂದ ಜೀವಾವಧಿಯವರೆಗೆ ಸೆರೆ. ಜೊತೆಗೆ ದಂಡವೂ ಉಂಟು. ಸಂಚು ಹೂಡಿದವರಿಗೂ ಶಿಕ್ಷೆ ಇದೆ, ತಿಳಿದೂ ಆಶ್ರಯ ಕೊಟ್ಟವರಿಗೂ ಇದೆ.

ವ್ಯತ್ಯಾಸ ಇರುವುದು ವಿಚಾರಣೆಯ ದಾರಿಯಲ್ಲಿ. ಯು.ಎ.ಪಿ.ಎ. ಅಡಿಯಲ್ಲಿ ಆರೋಪಪಟ್ಟಿ ಸಲ್ಲಿಸುವ ಗಡುವನ್ನು ನ್ಯಾಯಾಲಯ 90 ದಿನಗಳಿಂದ 180 ದಿನಗಳವರೆಗೆ ವಿಸ್ತರಿಸಬಹುದು. ಆರೋಪ ಮೇಲ್ನೋಟಕ್ಕೆ ನಿಜವೆಂದು ತೋರಿದರೆ ಜಾಮೀನಿಲ್ಲ. 113ನೆಯ ಕಲಂನಲ್ಲಿ ಈ ಜಾಮೀನಿನ ನಿರ್ಬಂಧವಿಲ್ಲ. ಯಾವ ಕಾಯಿದೆಯಡಿ ಮೊಕದ್ದಮೆ ದಾಖಲಿಸಬೇಕೆಂಬುದನ್ನು ಸೂಪರಿಂಟೆಂಡೆಂಟ್ ದರ್ಜೆಗೆ ಕಡಿಮೆಯಲ್ಲದ ಪೊಲೀಸ್ ಅಧಿಕಾರಿ ನಿರ್ಧರಿಸುತ್ತಾರೆ. ಇನ್ನು, ವಿಚಾರಣೆ ಬೇಗ ಮುಗಿಯುವ ಸಂಭವವೇ ಇಲ್ಲದೆ ಆರೋಪಿ ದೀರ್ಘಕಾಲ ಸೆರೆಯಲ್ಲಿದ್ದರೆ ಉನ್ನತ ನ್ಯಾಯಾಲಯಗಳು ಜಾಮೀನು ಕೊಡಬಹುದೆಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಇಡೀ ಜಗತ್ತು ಒಪ್ಪಿದ ಒಂದೇ ವ್ಯಾಖ್ಯೆ ಇನ್ನೂ ಇಲ್ಲ. ವ್ಯಾಖ್ಯೆ ತೀರ ಕಿರಿದಾದರೆ ಪಾಲಾರ್‌ನಂಥ ಕೃತ್ಯದ ರೂವಾರಿಗಳು ನುಸುಳಿ ಹೋಗಬಹುದು. ತೀರ ಅಗಲವಾದರೆ ಕಾಡಂಚಿನ ಬಡವರೂ ಬಲೆಗೆ ಬೀಳಬಹುದು. ಕಾನೂನು ಕಠಿಣವಾಗಿದ್ದಷ್ಟೂ ಅದರ ಗೆರೆ ಸ್ಪಷ್ಟವಾಗಿರಬೇಕು; ವಿಚಾರಣೆ ಬೇಗ ಮುಗಿಯಬೇಕು.

ಚರ್ಚೆಗೆ ಪ್ರಶ್ನೆಗಳು

1. ಒಬ್ಬರ ಉದ್ದೇಶವನ್ನು ನ್ಯಾಯಾಲಯ ಯಾವ ಯಾವ ಸಾಕ್ಷ್ಯಗಳಿಂದ ತಿಳಿಯಬಹುದು?
2. ಒತ್ತೆಯಾಳಿನ ಜೀವ ಉಳಿಸಲು ಸರ್ಕಾರ ಮೊಕದ್ದಮೆ ಕೈಬಿಡಬಹುದೇ? ಎರಡೂ ಪಕ್ಷದ ವಾದಗಳನ್ನು ಬರೆಯಿರಿ.
3. ಖುಲಾಸೆಯಾದವರಿಗೆ ಸೆರೆಯಲ್ಲಿ ಕಳೆದ ವರ್ಷಗಳಿಗೆ ಪರಿಹಾರ ಸಿಗಬೇಕೇ?