ಕ್ಯಾನ್ಸರ್ ಕೊಲ್ಲುವ ವೈರಸ್: ಮೊದಲ ಹಂತ ಏನು ಹೇಳುತ್ತದೆ?

ರೋಗ ಬಂದರೆ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ) ನಮಗೆ ಕಲಿಸಿದ್ದಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು ಪೋಲಿಯೊ ಲಸಿಕೆಯ ವೈರಸ್ಸಿಗೆ ನೆಗಡಿ ವೈರಸ್ಸಿನ ಒಂದು ಭಾಗ ಜೋಡಿಸಿ, ಮರುಕಳಿಸಿದ ಮೆದುಳಿನ ಗಡ್ಡೆಯೊಳಕ್ಕೆ ನಳಿಕೆಯಿಂದ ಹರಿಸಿದರು. ಅದು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ, ದೇಹದ ರೋಗನಿರೋಧಕ ಶಕ್ತಿಯನ್ನೂ ಎಬ್ಬಿಸುತ್ತದೆ. 2018ರ ವರದಿಯಂತೆ, 61 ರೋಗಿಗಳಲ್ಲಿ ಮೂರು ವರ್ಷ ಬದುಕುಳಿದವರ ಪ್ರಮಾಣ ಶೇ. 21, ಹಿಂದಿನ ಅಂತಹ ರೋಗಿಗಳಲ್ಲಿ ಶೇ. 4. ಅತಿ ಹೆಚ್ಚು ಪ್ರಮಾಣ ಪಡೆದ ಒಬ್ಬರಿಗೆ ನಳಿಕೆ ತೆಗೆದೊಡನೆ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಬಳಿಕ ಪ್ರಮಾಣ ತಗ್ಗಿಸಿದರು. ಮೊದಲ ಹಂತದ ಪರೀಕ್ಷೆಯ ಮುಖ್ಯ ಪ್ರಶ್ನೆಯೇ ಇದು: ಎಷ್ಟು ಕೊಟ್ಟರೆ ಸುರಕ್ಷಿತ? ಗುಣವಾಗುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ರೋಗಿಗೆ ಇದನ್ನು ಬಿಡಿಸಿ ಹೇಳುವುದು ನಮ್ಮ ಮೇಲಿರುವ ಅಮಾನತ್. ಪ್ರಯತ್ನ ನಮ್ಮದು, ಶಿಫಾ ಅಲ್ಲಾಹನದು.