ಪಾಲು ಹಾಲಾಗುವ ಶಾಲೆ

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ 1894ರಲ್ಲಿ ಹಾಕಿದ ಕವಲು ರೈಲುದಾರಿಯಲ್ಲಿ ಪ್ರಯಾಣ ಮಾಡಿ, ಉರಿಗಾಂ ನಿಲ್ದಾಣದಲ್ಲಿ ಇಳಿದು, ಗಣಿತ್ಯಾಜ್ಯದ ಸೈನೈಡ್ ದಿಬ್ಬಗಳನ್ನು ದೂರದಲ್ಲಿ ನೋಡುತ್ತ ಗಣಿಕಾರ್ಮಿಕರ ಲೈನುಮನೆಗಳ ನಡುವೆ ನಡೆಯತೊಡಗಿದವನ ಕಿವಿಗೆ ಮೊದಲು ಬೀಳುವ ನುಡಿ ಕನ್ನಡವಲ್ಲ, ತಮಿಳು. ಅದರ ಬೆನ್ನಿಗೆ ಅಲ್ಲಲ್ಲಿ ತೆಲುಗು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಈ ಕೋಲಾರದ ನೆಲದಲ್ಲಿ ಚಿನ್ನದ ಗಣಿಗಾರಿಕೆಗೆ ಕೈಹಾಕಿದ ಮೇಲೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದು ಭೂಗರ್ಭದಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಇವರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಮಾತು ಮಾತ್ರ ಮುಚ್ಚಲಿಲ್ಲ.

ಇಂತಹ ಊರಿನಲ್ಲಿ ಕನ್ನಡವೆಂಬುದು ಬೀದಿಯಲ್ಲಿ ತಾನಾಗಿ ಅಂಟಿಕೊಳ್ಳುವ ವಿದ್ಯೆಯಲ್ಲ. ಮೈಸೂರಿನ ಹುಡುಗನಿಗೆ ಅಂಗಡಿಯವನೂ ಆಟದ ಜೊತೆಗಾರನೂ ಪುಕ್ಕಟೆಯಾಗಿ ಕೊಡುವುದನ್ನು ಇಲ್ಲಿ ಶಾಲೆಯೇ ಕೊಡಬೇಕು. ಆದುದರಿಂದ ಉರಿಗಾಮಿನ ಆಸುಪಾಸಿನ ಕನ್ನಡ ಶಾಲೆಯು ಕೇವಲ ಪಾಠ ಹೇಳುವ ಸ್ಥಳವಾಗಿರದೆ, ಒಂದು ಭಾಷೆಯೊಳಕ್ಕೆ ಮಗುವನ್ನು ಕೈಹಿಡಿದು ಕರೆದೊಯ್ಯುವ ಬಾಗಿಲಾಗಿರುತ್ತದೆ. ಅದರ ಮಹತ್ತ್ವವನ್ನು ನಾವು ತಕ್ಕಷ್ಟು ಅರಿತಿಲ್ಲವೆಂದು ನನ್ನ ಭಾವನೆ.

ಪರಿಚಿತರ ಮನೆಯೊಂದರಲ್ಲಿ ಎರಡನೆಯ ತರಗತಿಯ ಬಾಲಕಿಯೊಬ್ಬಳನ್ನು ಕಂಡೆ. ಮನೆಮಾತು ತಮಿಳು, ಓದು ಕನ್ನಡ. ಅಜ್ಜಿ ಕೊಟ್ಟ ಲೋಟವನ್ನು ಕೈಯಲ್ಲಿ ಹಿಡಿದು, “ಪಾಟಿ, ಇದು ಮನೆಯಲ್ಲಿ ಪಾಲು, ಸ್ಕೂಲಿಗೆ ಹೋದರೆ ಹಾಲು” ಎಂದು ತಮಿಳಿನಲ್ಲಿಯೇ ಹೇಳಿದಳು. ಆಮೇಲೆ ಬೆರಳು ಮಡಿಸುತ್ತ ಎಣಿಸತೊಡಗಿದಳು: ಪಲ್ಲು ಹಲ್ಲಾಗುತ್ತದೆ, ಪುಲಿ ಹುಲಿಯಾಗುತ್ತದೆ, ಪೂವು ಹೂವಾಗುತ್ತದೆ, ಪೋ ಎಂಬುದು ಹೋಗು ಆಗುತ್ತದೆ. ಈ ಸೂತ್ರದ ಉತ್ಸಾಹದಲ್ಲಿ ಪಾಟಿಯನ್ನು ‘ಹಾಟಿ’ ಎಂದು ಕರೆದಾಗ ಮಿಸ್ಸು ‘ಅಜ್ಜಿ’ ಎಂದು ತಿದ್ದಿದ್ದರಂತೆ. ಯಾರೂ ಹೇಳಿಕೊಡದೆ ಆ ಏಳು ವರ್ಷದ ಕೂಸು ಕಂಡುಕೊಂಡದ್ದು ಸಾಮಾನ್ಯ ಸಂಗತಿಯಲ್ಲ. ಪಕಾರವು ಹಕಾರವಾಗಿ ಪರಿಣಮಿಸಿದ, ಹಳಗನ್ನಡವನ್ನು ನಡುಗನ್ನಡದಿಂದ ಬೇರ್ಪಡಿಸುವ ಧ್ವನಿವ್ಯತ್ಯಾಸವನ್ನೇ ಅದು ಹಾಲಿನ ಲೋಟದಲ್ಲಿ ಕಂಡಿತ್ತು. ನಮ್ಮ ಕಾಲೇಜು ವಿದ್ಯಾರ್ಥಿಗಳು ಪಂಪನನ್ನು ಓದುವಾಗ ‘ಪಾಲ್’, ‘ಪುಲಿ’ ಎಂಬ ಶಬ್ದಗಳ ಮುಂದೆ ತಡವರಿಸುತ್ತಾರೆ. ಈ ಮಗುವಿಗೆ ಅವು ಅಡಿಗೆಮನೆಯ ಮಾತುಗಳು.

ಎರಡು ನುಡಿಗಳಲ್ಲಿ ಬೆಳೆಯುವ ಮಗುವಿಗೆ ದೊರೆಯತಕ್ಕ ಮೊದಲ ಲಾಭ ಇದೇ. ವಸ್ತು ಬೇರೆ, ಅದರ ಹೆಸರು ಬೇರೆ ಎಂಬ ಅರಿವು ಅದಕ್ಕೆ ಬೇಗನೆ ಮೂಡುತ್ತದೆ. ತಮಿಳಿನ ‘ಮಾಡು’ ದನ, ಕನ್ನಡದ ‘ಮಾಡು’ ಕ್ರಿಯಾಪದ ಎಂದು ತಿಳಿದವರಿಗೆ ಶಬ್ದವೊಂದನ್ನು ಕಣ್ಣುಮುಚ್ಚಿ ನಂಬುವ ಅಭ್ಯಾಸ ತಪ್ಪುತ್ತದೆ. 1962ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬ ವಿದ್ವಾಂಸರು ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿ, ಎರಡು ಭಾಷೆ ಬಲ್ಲವರು ಹಿಂದುಳಿಯುವರೆಂಬ ಹಳೆಯ ಭಯವನ್ನು ಅಲುಗಾಡಿಸಿದರು. ನಮ್ಮ ಒಡಿಶಾದಲ್ಲಿ ಅಜಿತ್ ಮೊಹಂತಿಯವರು ಕುಯಿ ಮತ್ತು ಒಡಿಯಾ ಎರಡನ್ನೂ ಆಡುವ ಕಂಧ ಮಕ್ಕಳಲ್ಲಿಯೂ ಇಂತಹ ಅನುಕೂಲವನ್ನು ಕಂಡರು. ಬುದ್ಧಿಯ ಅಳತೆಗಳ ವಿಷಯದಲ್ಲಿ ವಿದ್ವಾಂಸರೊಳಗೆ ಇಂದಿಗೂ ವಾದವಿರುವುದರಿಂದ ನಾನು ಅದಕ್ಕೆ ಅತಿಯಾಗಿ ಜೋತುಬೀಳುವುದಿಲ್ಲ.

ಮನೆಮಾತಲ್ಲದ ನುಡಿಯಲ್ಲಿ ಕಲಿಸುವ ಶಾಲೆಗಳ ವಿಷಯದಲ್ಲಿ ಐರ್ಲೆಂಡಿನ ಮಾತನ್ನು ಇಲ್ಲಿ ಎತ್ತಲು ಕಾರಣವುಂಟು. 1873ರಲ್ಲಿ ಕೋಲಾರದ ನೆಲದಲ್ಲಿ ಚಿನ್ನ ತೆಗೆಯಲು ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ ಮೈಕೇಲ್ ಲವೆಲ್ ಐರ್ಲೆಂಡಿನ ಸೈನಿಕ. ಬೆಂಗಳೂರಿನ ಲವೆಲ್ ರಸ್ತೆ ಅವನ ಹೆಸರಿನದು. ಅವನ ದೇಶದಲ್ಲಿ 1831ರಿಂದ ಸ್ಥಾಪಿತವಾದ ಸರ್ಕಾರಿ ಶಾಲೆಗಳು ಬಹುಕಾಲ ಇಂಗ್ಲಿಷಿನಲ್ಲಿ ಮಾತ್ರ ಕಲಿಸಿದವು. ಮಗುವಿನ ಕೊರಳಿಗೆ ಕೋಲೊಂದನ್ನು ಕಟ್ಟಿ, ಅದು ಐರಿಷ್ ಆಡಿದಾಗಲೆಲ್ಲ ಒಂದು ಗೀಟು ಕೊರೆದು, ಸಂಜೆ ಗೀಟುಗಳನ್ನೆಣಿಸಿ ಹೊಡೆಯುವ ಪದ್ಧತಿ ಅಲ್ಲಿತ್ತು. 1845ರ ಮಹಾಕ್ಷಾಮವು ಆ ನುಡಿಯನ್ನಾಡುವ ಬಡವರನ್ನೇ ಹೆಚ್ಚಾಗಿ ಬಲಿತೆಗೆದುಕೊಂಡಿತು. ಹೀಗೆ ಸೊರಗಿದ ಭಾಷೆಯನ್ನು ಉಳಿಸಲು ಅಲ್ಲಿನ ತಂದೆತಾಯಿಗಳು ಹಿಡಿದ ಮಾರ್ಗವೇ ‘ಗೇಲ್‌ಸ್ಕೊಲ್’, ಎಂದರೆ ಮನೆಯಲ್ಲಿ ಇಂಗ್ಲಿಷಾಡುವ ಮಗು ಎಲ್ಲ ಪಾಠಗಳನ್ನೂ ಐರಿಷಿನಲ್ಲಿ ಕಲಿಯುವ ಶಾಲೆ. ಬೆಲ್‌ಫಾಸ್ಟಿನ ಶಾಸ್ ರಸ್ತೆಯಲ್ಲಿ ಕೆಲವು ಕುಟುಂಬಗಳು ಸೇರಿ, ಐರಿಷಾಡುತ್ತ ಬಾಳಲೆಂದು ತಾವೇ ಮನೆಗಳನ್ನು ಕಟ್ಟಿಕೊಂಡು, 1971ರಲ್ಲಿ ಒಂಬತ್ತು ಮಕ್ಕಳಿಂದ ಶಾಲೆಯೊಂದನ್ನು ಆರಂಭಿಸಿದವು; 1984ರವರೆಗೆ ಸರ್ಕಾರದ ಮಾನ್ಯತೆ ಅದಕ್ಕೆ ದೊರೆಯಲಿಲ್ಲ. ಹದಿಮೂರು ವರ್ಷ ಹೆತ್ತವರ ದುಡ್ಡಿನಿಂದ, ಹೆತ್ತವರ ಛಲದಿಂದ ಅದು ನಡೆಯಿತು. ಇಂಗ್ಲಿಷ್ ಬೀದಿಯಿಂದ ಹೇಗೂ ಬರುತ್ತದೆ, ಬಾರದಿರುವುದನ್ನು ಶಾಲೆ ಕೊಡಲಿ ಎಂಬುದು ಅವರ ಸರಳ ತರ್ಕ.

ಉರಿಗಾಮಿನಲ್ಲಿ ತಾನಾಗಿ ಬರುವುದು ತಮಿಳು, ಬಾರದಿರುವುದು ಕನ್ನಡ. ಇಲ್ಲಿನ ಕನ್ನಡ ಶಾಲೆಯಿಂದ ತಮಿಳು ಅಳಿಯುವುದಿಲ್ಲ, ಏಕೆಂದರೆ ಅದರ ಬೇರು ಮನೆಯಲ್ಲಿಯೂ ಲೈನಿನಲ್ಲಿಯೂ ಇದೆ. ಕನ್ನಡವು ಅದರ ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ. ಆದರೆ ಕೋಲಿನ ಮೇಲೆ ಗೀಟು ಕೊರೆದ ಶಾಲೆಯೂ ಶಾಲೆಯೇ ಆಗಿತ್ತೆಂಬುದನ್ನು ಕನ್ನಡದ ಹೆಸರಿನಲ್ಲಿ ಪಾಠ ಹೇಳುವವರು ಮರೆಯಬಾರದು. ತರಗತಿಯಲ್ಲಿ ತಮಿಳಿನ ಮಾತೊಂದು ಬಾಯಿತಪ್ಪಿ ಬಂದಾಗ ಗದರಿಸುವ ಮೇಷ್ಟರು ಮಗುವಿನ ತಾಯಿಯನ್ನೇ ಗದರಿಸಿದ ಹಾಗೆ. ಮೊದಲ ವರ್ಷ ಕಷ್ಟವಿದ್ದೇ ಇದೆ: ಕ, ಖ, ಗ, ಘ ನಾಲ್ಕಕ್ಕೂ ತಮಿಳು ಲಿಪಿಯಲ್ಲಿ ಒಂದೇ ಅಕ್ಷರ, ಮಹಾಪ್ರಾಣಗಳು ಆ ನಾಲಿಗೆಗೆ ಹೊಸವು, ಹೆತ್ತವರಿಗೆ ಪಾಠ ತಿಳಿಯದು. ಇದಕ್ಕೆ ಬೇಕಾದುದು ತಾಳ್ಮೆ, ಹಾಗೂ ಎರಡೂ ನುಡಿ ಬಲ್ಲ ಉಪಾಧ್ಯಾಯರು.

ಈ ಕೋಲಾರ ಜಿಲ್ಲೆಯಲ್ಲಿಯೇ, ಬಂಗಾರಪೇಟೆಯ ನೆರೆಯ ಮಾಲೂರು ಸೀಮೆಯಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳು. 1983ರ ಜ್ಞಾನಪೀಠ ಅವರ ಕನ್ನಡಕ್ಕೆ ಸಂದಿತು. ಧಾರವಾಡದ ಬೇಂದ್ರೆಯವರ ಮನೆಯಲ್ಲಿ ಮರಾಠಿ. ಹೊರಗಿನಿಂದ ಬಂದ ಕಿವಿಯೇ ಕೆಲವು ವೇಳೆ ಭಾಷೆಯ ಇಂಪನ್ನು ಹೆಚ್ಚು ನಿಚ್ಚಳವಾಗಿ ಕೇಳಿಸಿಕೊಳ್ಳುತ್ತದೆಯೋ ಏನೋ!

ಆ ಮನೆಯಿಂದ ನಾನು ಹೊರಡುವ ಹೊತ್ತಿಗೆ ಅಜ್ಜಿ ಮೊಮ್ಮಗಳ ಕೈಹಿಡಿದು ನ್ಯಾಯಬೆಲೆ ಅಂಗಡಿಗೆ ಹೊರಟಿದ್ದರು. ಅಂಗಡಿಯ ಕದ ಮುಚ್ಚಿತ್ತು, ಕದದ ಮೇಲೆ ಕೈಬರಹದ ಒಂದು ಚೀಟಿ. ಹುಡುಗಿ ತುದಿಗಾಲಲ್ಲಿ ನಿಂತು, ಒತ್ತಕ್ಷರಗಳ ಮೇಲೆ ಬೆರಳಾಡಿಸುತ್ತ, “ಅಕ್ಕಿ ಸೋಮವಾರ ಬೆಳಿಗ್ಗೆ ಕೊಡಲಾಗುವುದು” ಎಂದು ನಿಧಾನವಾಗಿ ಕನ್ನಡದಲ್ಲಿ ಓದಿದಳು. ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದರು. “ಪಾಟಿ, ಅರಿಸಿ ತಿಂಗಳಕೆಳಮೆ ಕಾಲೈಲೆ” ಎಂದಳು ಹುಡುಗಿ. “ಸರಿ ಕಣ್ಣು, ವಾ” ಎಂದು ಚೀಲವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಅಜ್ಜಿ ಮನೆಯತ್ತ ತಿರುಗಿದರು.